ವಿದೇಶಗಳಲ್ಲಿ ಫುಟ್‌ಬಾಲ್ ಕ್ರೀಡೆಯ ಆರಂಭ: ಸ್ಕಾಟ್ಲೆಂಡಿನವರ ಪಾತ್ರ

ಫುಟ್‌ಬಾಲ್ ಕ್ರೀಡೆಯ ಲಿಖಿತ ನಿಯಮಗಳು 1863ರಲ್ಲಿ ಲಂಡನ್ ನಗರದಲ್ಲಿ ರೂಪುಗೊಂಡವು. ಆದಕಾರಣ ಈ ಕ್ರೀಡೆಯನ್ನು ಜಗತ್ತಿಗೆ ನೀಡಿದವರು ಇಂಗ್ಲೆಂಡಿನವರು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ನಿಯಮಗಳ ಮಟ್ಟಿಗೆ ಇದು ಸರಿ. ಆದರೆ ಆಡುವ ವಿಧಾನ ಹಾಗೂ ಹೊರದೇಶಗಳಲ್ಲಿ ಸಂಘಟನೆಯ ವಿಷಯದಲ್ಲಿ ಸ್ಕಾಟ್ಲೆಂಡಿನವರ ಪಾಲನ್ನು ಪ್ರತ್ಯೇಕವಾಗಿ ಗುರುತಿಸಬೇಕಾಗುತ್ತದೆ.

ಆರಂಭದಲ್ಲಿ ಇಂಗ್ಲೆಂಡಿನ ಆಟಗಾರರು ಚೆಂಡನ್ನು ಒಬ್ಬೊಬ್ಬರಾಗಿ ಮುನ್ನಡೆಸುತ್ತಿದ್ದರು. 1867ರಲ್ಲಿ ಗ್ಲಾಸ್ಗೋ ನಗರದಲ್ಲಿ ಸ್ಥಾಪನೆಯಾದ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರು ಸಹ ಆಟಗಾರನಿಗೆ ಚೆಂಡನ್ನು ಸಾಗಿಸಿ ಆಡುವ ಕ್ರಮವನ್ನು ಬೆಳೆಸಿದರು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ನಡೆದ ಪ್ರಥಮ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡಿನ ತಂಡವು ಇದೇ ಕ್ಲಬ್ಬಿನ ಆಟಗಾರರಿಂದ ಕೂಡಿತ್ತು. ಯಾವ ತಂಡವೂ ಗೋಲು ಗಳಿಸಲಿಲ್ಲ. ಮುಂದೆ ಇಂಗ್ಲೆಂಡಿನ ಕ್ಲಬ್ಬುಗಳಿಗೆ ಸೇರಿದ ಸ್ಕಾಟಿಷ್ ಆಟಗಾರರನ್ನು 'ಪ್ರೊಫೆಸರ್'ಗಳೆಂದೇ ಕರೆಯಲಾಗುತ್ತಿತ್ತು.

ರೈಲ್ವೆ, ಗಿರಣಿ, ಶಾಲೆ ಹಾಗೂ ಸೇನೆಯ ಉದ್ಯೋಗಗಳ ನಿಮಿತ್ತ ಸ್ಕಾಟ್ಲೆಂಡಿನವರು ಅನೇಕ ದೇಶಗಳಿಗೆ ತೆರಳಿದರು. ಇವರಲ್ಲಿ ಅಲೆಕ್ಸಾಂಡರ್ ವಾಟ್ಸನ್ ಹಟನ್ ಅವರ ಕಾರ್ಯ ವಿಶೇಷವಾದುದು. ಗ್ಲಾಸ್ಗೋದಲ್ಲಿ ಜನಿಸಿದ ಇವರು 1882ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರಕ್ಕೆ ಶಿಕ್ಷಕರಾಗಿ ಬಂದು, 1884ರಲ್ಲಿ ಸ್ವಂತ ಶಾಲೆಯನ್ನು ತೆರೆದರು. ಪಾಠದಷ್ಟೇ ಪ್ರಾಮುಖ್ಯವನ್ನು ಆಟಕ್ಕೂ ನೀಡಿದರು. ಆ ನಗರದಲ್ಲಿ 1891ರಲ್ಲಿ ಒಂದು ಲೀಗ್ ನಡೆದಿತ್ತಾದರೂ ಅದನ್ನು ನಡೆಸಿದ ಸಂಸ್ಥೆಯು ಮರುವರ್ಷವೇ ನಿಂತುಹೋಯಿತು. ಪಂದ್ಯಾವಳಿಯನ್ನು ಪ್ರಾರಂಭಿಸುವುದು ಸುಲಭ, ಸಂಸ್ಥೆಯನ್ನು ಉಳಿಸುವುದು ಕಷ್ಟ ಎಂಬುದನ್ನು ಕ್ರೀಡಾ ಸಂಘಗಳ ಪದಾಧಿಕಾರಿಗಳು ಬಲ್ಲರು. 1893ರ ಫೆಬ್ರವರಿ 21ರಂದು ಹಟನ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಂಸ್ಥೆಯನ್ನು ರಚಿಸಲಾಯಿತು. ಇಂದಿನ ಅರ್ಜೆಂಟೀನಾ ಫುಟ್‌ಬಾಲ್ ಸಂಸ್ಥೆಯು ತನ್ನ ಸ್ಥಾಪನೆಯನ್ನು ಈ ದಿನಾಂಕದಿಂದಲೇ ಗಣಿಸುತ್ತದೆ. ಹಟನ್ ಅವರ ಹಳೆಯ ವಿದ್ಯಾರ್ಥಿಗಳ 'ಅಲುಮ್ನಿ' ತಂಡವು 1900ರಿಂದ 1911ರ ಅವಧಿಯಲ್ಲಿ ಹತ್ತು ಬಾರಿ ಲೀಗ್ ಪ್ರಶಸ್ತಿಯನ್ನು ಪಡೆಯಿತು.

ನೆರೆಯ ಉರುಗ್ವೆಯಲ್ಲಿ ರೈಲ್ವೆ ನೌಕರರಾಗಿದ್ದ ಜಾನ್ ಹಾರ್ಲಿ ಅವರು 1909ರಿಂದ ಪೆನ್ಯಾರೋಲ್ ತಂಡದಲ್ಲಿ ಚೆಂಡನ್ನು ನೆಲದ ಮೇಲೆಯೇ ಹತ್ತಿರ ಹತ್ತಿರ ಸಾಗಿಸುವ ಆಟವನ್ನು ರೂಢಿಗೆ ತಂದರು. ಬ್ರೆಜಿಲ್ ದೇಶದ ಸಂಗತಿ ಮಾತ್ರ ವಿವಾದಾಸ್ಪದವಾಗಿದೆ. ಸ್ಕಾಟಿಷ್ ತಂದೆಯ ಮಗನಾಗಿ ಸಾವೊ ಪಾಲೊದಲ್ಲಿ ಜನಿಸಿದ ಚಾರ್ಲ್ಸ್ ಮಿಲ್ಲರ್ ಅವರನ್ನು ಅಲ್ಲಿನ ಫುಟ್‌ಬಾಲ್ ಪಿತಾಮಹರೆಂದು ಪರಿಗಣಿಸಲಾಗಿದೆ. ಅವರು 1895ರ ಏಪ್ರಿಲ್ ತಿಂಗಳಿನಲ್ಲಿ ಪಂದ್ಯವನ್ನು ಏರ್ಪಡಿಸಿದರು. ಅದಕ್ಕೂ ಮೊದಲೇ, 1894ರಲ್ಲಿ, ರಿಯೊ ಡಿ ಜನೈರೊದ ಬಾಂಗು ಗಿರಣಿಯ ಸ್ಕಾಟಿಷ್ ನೌಕರ ಥಾಮಸ್ ಡೊನೊಹೊ ಅವರು ಆಟವಾಡಿಸಿದ್ದರೆಂದು ಬಾಂಗುವಿನವರು ಪ್ರತಿಪಾದಿಸುತ್ತಾರೆ. ವಾದದಲ್ಲಿ ಯಾರೇ ಗೆದ್ದರೂ ಮೂಲವು ಸ್ಕಾಟ್ಲೆಂಡಿಗೇ ಸೇರುತ್ತದೆ. ಯುರೋಪಿನಲ್ಲಿ ಜಾನ್ ಮ್ಯಾಡನ್ ಅವರು 1905ರಿಂದ 1930ರವರೆಗೆ ಪ್ರಾಗ್ ನಗರದ ಸ್ಲಾವಿಯಾ ತಂಡಕ್ಕೆ ತರಬೇತಿ ನೀಡಿದರು.

ಭಾರತಕ್ಕೆ ಸಂಬಂಧಿಸಿದಂತೆ, 1888ರಲ್ಲಿ ಶಿಮ್ಲಾದಲ್ಲಿ ಪ್ರಾರಂಭವಾದ ಡ್ಯುರಾಂಡ್ ಕಪ್ ಪಂದ್ಯಾವಳಿಯ ಪ್ರಥಮ ಅಂತಿಮ ಪಂದ್ಯವು ಎರಡು ಸ್ಕಾಟಿಷ್ ಸೇನಾ ತುಕಡಿಗಳ ನಡುವೆಯೇ ನಡೆಯಿತು. ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ತಂಡವು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ತಂಡವನ್ನು 2-1 ಗೋಲುಗಳಿಂದ ಸೋಲಿಸಿತು. ಅದೇ ಪಂದ್ಯಾವಳಿಯ ಪ್ರಶಸ್ತಿಯನ್ನು 2022ರಲ್ಲಿ ಬೆಂಗಳೂರು ಎಫ್‌ಸಿ ತಂಡವು ಅದೇ 2-1 ಅಂತರದಿಂದ ಮುಂಬೈ ಸಿಟಿ ತಂಡವನ್ನು ಸೋಲಿಸಿ ರಾಜ್ಯಕ್ಕೆ ತಂದಿತು.