ಮನೆ ಮೇಲೆ ಸೋಲಾರ್: ಮೊದಲು ಕರೆಂಟ್ ಬಿಲ್ ಓದಿ, ಆಮೇಲೆ ಪ್ಯಾನೆಲ್ ನೋಡಿ

"ಸೋಲಾರ್ ಹಾಕ್ಸಿ, ಕರೆಂಟ್ ಬಿಲ್ ಸೊನ್ನೆ ಮಾಡ್ಕೊಳ್ಳಿ" ಅನ್ನೋ ಜಾಹೀರಾತು ಈಗ ಎಲ್ಲರ ಮೊಬೈಲ್‌ಗೂ ಬರ್ತಿದೆ. ಅದು ಸುಳ್ಳಲ್ಲ, ಆದರೆ ಎಲ್ಲರ ಮನೆಗೂ ನಿಜವೂ ಅಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದು ಅಂತೀವಲ್ಲ, ಇಲ್ಲೂ ಅದೇ ಮಾತು. ಕಳೆದ 12 ತಿಂಗಳ ಬಿಲ್ ತೆಗೆದು, ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಖರ್ಚಾಗುತ್ತೆ ಅಂತ ಬರೆದುಕೊಳ್ಳಿ.

ಯಾರಿಗೆ ಲಾಭ?

ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರ್ತಿದ್ದರೆ ಸೋಲಾರ್‌ನಿಂದ ಉಳಿಸೋಕೆ ಸದ್ಯಕ್ಕೆ ಏನೂ ಇಲ್ಲ. ಆದರೆ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಸೋಲಾರ್ ಲೆಕ್ಕ ಕೂಡಿಬರೋದು ಇಂಥ ಮನೆಗಳಿಗೆ.

220, 230 ಯೂನಿಟ್‌ನ ಆಸುಪಾಸಿನಲ್ಲಿದ್ದೀರಾ? ಹಾಗಾದರೆ ಮೊದಲು ಗೀಸರ್ ನೋಡಿ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಸ್ನಾನದ ನೀರನ್ನು ಸೋಲಾರ್ ವಾಟರ್ ಹೀಟರ್‌ಗೋ ಹಂಡೆ ಒಲೆಗೋ ಬದಲಾಯಿಸಿದರೆ 200ರ ಒಳಗೇ ಬರಬಹುದು.

ಲೆಕ್ಕ ಹೀಗೆ

ನಮ್ಮ ಮನೆಯಲ್ಲಿ ಫ್ರಿಜ್, ವಾಷಿಂಗ್ ಮಷಿನ್, ಮನೆ ಬಾವಿಯ ಮೋಟರ್, ಚಿಕ್ಕ ಹಿಟ್ಟಿನ ಗಿರಣಿ ಸೇರಿ ತಿಂಗಳಿಗೆ ಸುಮಾರು 300 ಯೂನಿಟ್ ಆಗುತ್ತೆ. 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ. ಬೇಸಿಗೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಅಂದರೆ 2 ಕಿಲೋವ್ಯಾಟ್‌ಗೆ ತಿಂಗಳಿಗೆ 240 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ ಉಳಿತಾಯ 1,440 ರೂಪಾಯಿ. ನಿಗದಿತ ಶುಲ್ಕ ಮಾತ್ರ ಹೋಗಲ್ಲ, ಅದನ್ನು ಕಟ್ಟಲೇಬೇಕು.

2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಕೇಂದ್ರದ ಸಹಾಯಧನ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ. 2 ಕಿಲೋವ್ಯಾಟ್‌ಗೆ 1.30 ಲಕ್ಷ ಖರ್ಚು ಅಂತಿಟ್ಟುಕೊಂಡರೆ ನಮ್ಮ ಕೈಯಿಂದ 70,000. ಸುಮಾರು ನಾಲ್ಕು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಖಾತರಿ ಇರುತ್ತೆ, ಆದರೆ ನಡುವೆ ಒಮ್ಮೆ ಇನ್ವರ್ಟರ್ ಬದಲಿಸೋ ಖರ್ಚಿಗೆ ತಯಾರಿರಿ.

"ದೊಡ್ಡದೇ ಹಾಕ್ಸಿ, ಹೆಚ್ಚಾದ ಕರೆಂಟ್ ಮಾರಿ" ಅನ್ನೋರ ಮಾತಿಗೆ ಮರುಳಾಗಬೇಡಿ. ನೆಟ್ ಮೀಟರ್‌ನಲ್ಲಿ ನಾವು ಕೊಟ್ಟ ಯೂನಿಟ್ ನಾವು ಬಳಸಿದ ಯೂನಿಟ್‌ಗೆ ವಜಾ ಆಗುತ್ತೆ. ಅದರ ಮೇಲೆ ಉಳಿದ ಯೂನಿಟ್‌ಗೆ ಸಿಗೋ ದರ ನಾವು ಕೊಡೋ ದರಕ್ಕಿಂತ ಕಡಿಮೆ.

ಹಳ್ಳಿ ಮನೆಯವರು ಗಮನಿಸಬೇಕಾದ್ದು

• ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ ಈ ವ್ಯವಸ್ಥೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರೋ ಹೈಬ್ರಿಡ್ ಬೇಕು, ಖರ್ಚೂ ಹೆಚ್ಚು.
• ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸಾಲಿನ ಉಳಿದ ಪ್ಯಾನೆಲ್‌ಗಳ ಉತ್ಪಾದನೆ ಇಳಿಯಬಹುದು. ಬೆಳಿಗ್ಗೆ 9ರಿಂದ 3ರವರೆಗೆ ನೆರಳು ಎಲ್ಲಿ ಬೀಳುತ್ತೆ ಅಂತ ಗಂಟೆಗೊಂದು ಫೋಟೋ ತೆಗೆದಿಟ್ಟುಕೊಳ್ಳಿ.
• 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಜಾಗ ಬೇಕು, ಮುಖ ದಕ್ಷಿಣಕ್ಕಿರಲಿ. ತಾರಸಿ ಮೇಲೆ ಅಡಿಕೆ, ಮೆಣಸು ಒಣಗಿಸೋರು ಎತ್ತರದ ಸ್ಟ್ಯಾಂಡ್ ಕೇಳಿ.
• ಧೂಳು ಕೂತರೆ ಬಿಸಿಲೇರುವ ಮುಂಚೆ ಬರೀ ನೀರಿನಿಂದ ತೊಳೆದರೆ ಸಾಕು.

ಅರ್ಜಿಯನ್ನು ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಹಾಕಬಹುದು. ಬಿಲ್, ಬ್ಯಾಂಕ್ ಖಾತೆಯ ವಿವರ ಕೈಯಲ್ಲಿರಲಿ. ಅಲ್ಲಿ ನೋಂದಾಯಿತರಾದವರಿಂದಲೇ ಹಾಕಿಸಿ, ಭಾರತದಲ್ಲೇ ತಯಾರಾದ ಸೆಲ್ ಇರೋ ಡಿಸಿಆರ್ ಪ್ಯಾನೆಲ್ ಅಂತ ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಸಹಾಯಧನ ಸಿಗಲ್ಲ. ಆ ದುಡ್ಡು ಬರೋದು ಕೆಲಸ ಮುಗಿದು, ನೆಟ್ ಮೀಟರ್ ಕೂತು, ತಪಾಸಣೆ ಆದಮೇಲೆ. ಅಲ್ಲಿವರೆಗೆ ಪೂರ್ತಿ ಹಣದ ವ್ಯವಸ್ಥೆ ನಿಮ್ಮದೇ.

ಈ ವಾರ ಒಂದೇ ಕೆಲಸ ಮಾಡಿ: 12 ಬಿಲ್ ಹುಡುಕಿ, ಸರಾಸರಿ ತೆಗೀರಿ. ಆ ಒಂದು ಅಂಕಿ ಕೈಯಲ್ಲಿದ್ದರೆ ಯಾವ ಮಾರಾಟಗಾರನೂ ನಿಮಗೆ ಬೇಡದ್ದನ್ನು ಮಾರೋಕಾಗಲ್ಲ.