ಹಳೇ ಪದ್ಮಿನಿಯ ಸಸ್ಪೆನ್ಷನ್: ಮಗನಿಗೆ ಬಿಗಿ ಬೇಕು, ಅಪ್ಪನಿಗೆ ಮೆತ್ತಗೆ ಬೇಕು

ಶೆಡ್ಡಿನಲ್ಲಿ ವರ್ಷಗಟ್ಟಲೆ ಹೊದಿಕೆ ಹೊದ್ದು ನಿಂತಿದ್ದ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸುವ ಆಸೆ ಈಗ ಎಷ್ಟೋ ಮನೆಗಳಲ್ಲಿ ಚಿಗುರಿದೆ. ಎಂಜಿನ್ ಬಿಚ್ಚಿ ಕಟ್ಟಿದ್ದಾಯಿತು, ಬಣ್ಣ ಹೊಡೆಸಿದ್ದಾಯಿತು, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದೂ ಆಯಿತು. ಆಮೇಲೆ ಶುರುವಾಗುತ್ತೆ ನೋಡಿ ಅಸಲಿ ಜಗಳ. ಮಗನಿಗೆ ತಿರುವಿನಲ್ಲಿ ಕಾರು ವಾಲಬಾರದು. ಹಿಂದಿನ ಸೀಟಿನಲ್ಲಿ ಕೂರುವ ಅಪ್ಪನಿಗೆ ಸೊಂಟ ಹಿಡಿಯಬಾರದು. ಇಬ್ಬರ ಮಾತೂ ಕೇಳಿಸಿಕೊಂಡ ಮೆಕ್ಯಾನಿಕ್ "ಸ್ಪ್ರಿಂಗ್ ಟೈಟ್ ಮಾಡ್ಬಿಡೋಣ ಬಿಡಿ ಸಾರ್" ಅಂದುಬಿಡುತ್ತಾನೆ. ಅಲ್ಲೇ ಸ್ವಲ್ಪ ತಡೆಯಿರಿ.

ಈ ಕಾರಿನ ಹುಟ್ಟು ಇಟಲಿಯ ಫಿಯಟ್ 1100. ಮುಂಬೈನ ಪ್ರೀಮಿಯರ್ ಕಂಪನಿ ಅದನ್ನು 1964ರಿಂದ ‘ಡಿಲೈಟ್’ ಎಂದು ಮಾರಿತು. 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಮುಂದಿನ ಎರಡು ಚಕ್ರಗಳಿಗೆ ಬೇರೆಬೇರೆ ಕಾಯಿಲ್ ಸ್ಪ್ರಿಂಗ್. ಹಿಂದೆ ಮಾತ್ರ ಒಂದೇ ಗಟ್ಟಿ ಆಕ್ಸಲ್, ಅದನ್ನು ಹೊತ್ತ ಲೀಫ್ ಸ್ಪ್ರಿಂಗ್, ಅಂದರೆ ನಮ್ಮವರು ಪ್ಲೇಟು ಅನ್ನುವುದು. ಕಾರಿನ ತೂಕ ಹೆಚ್ಚುಕಡಿಮೆ 900 ಕಿಲೋ. ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಮೂಟೆ ಸಾಮಾನು ಅಂದರೆ ಭಾರ ಒಮ್ಮೆಗೇ ಕಾಲು ಪಾಲಿಗಿಂತ ಹೆಚ್ಚಿ, ಅದರ ಬಹುಪಾಲು ಹಿಂದಕ್ಕೇ ಬೀಳುತ್ತೆ. ಹಿಂದಿನ ಪ್ಲೇಟು ಒಬ್ಬನೇ ಇದ್ದಾಗ ಬಿರುಸು, ಸಂಸಾರ ಕೂತಾಗ ಹಿತ ಅನ್ನಿಸುವುದು ಇದಕ್ಕೇ.

ಸ್ಪ್ರಿಂಗ್ ಮೇಲೆ ಕೂತ ಕಾರು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗಿದರೆ ನಮ್ಮ ಮೈಗೆ ಹಿತ. ನಾವು ನಡೆಯುವಾಗ ಮೈ ಕುಲುಕುವ ಲಯಕ್ಕೆ ಇದು ಹತ್ತಿರ. ಎರಡನ್ನು ದಾಟಿದರೆ ಸ್ಪೋರ್ಟ್ಸ್ ಕಾರಿನ ಲೆಕ್ಕ. ಚಾಲಕನಿಗೆ ಖುಷಿ, ಹಿಂದೆ ಕೂತವರ ಬೆನ್ನಿಗೆ ಗುದ್ದು. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಓಲಿ ಎಂಬ ಎಂಜಿನಿಯರ್ ಇನ್ನೊಂದು ವಿಷಯ ತೋರಿಸಿಕೊಟ್ಟರು. ಹಂಪನ್ನು ಮೊದಲು ಹತ್ತುವುದು ಮುಂದಿನ ಚಕ್ರ, ಆಮೇಲೆ ಹಿಂದಿನದು. ಹಿಂಭಾಗ ಸ್ವಲ್ಪ ಬೇಗ ತೂಗಿದರೆ ಮುಂದಿನದನ್ನು ಹಿಡಿದುಕೊಂಡು ಇಡೀ ಕಾರು ಒಟ್ಟಿಗೆ ಏರಿಳಿಯುತ್ತೆ. ಮುಂದೆ ಬಿಗಿ, ಹಿಂದೆ ಸಡಿಲ ಆದರೆ ದೋಣಿಯ ಹಾಗೆ ಮುಗ್ಗರಿಸುತ್ತೆ. ಮುಂದಿನ ಸ್ಪ್ರಿಂಗ್ ಮಾತ್ರ ಗಟ್ಟಿ ಮಾಡಿಸಿದ ಕಾರಿನಲ್ಲಿ ವಾಂತಿ ಬರುವ ಹಾಗಾಗುವುದು ಇದರಿಂದಲೇ.

ಕೆಲವರು ಕಾರು ತಗ್ಗಿಸಬೇಕೆಂದು ಕಾಯಿಲ್ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುತ್ತಾರೆ. ಎಂಟು ಸುತ್ತು ಏಳಾದರೆ ಸ್ಪ್ರಿಂಗ್ ಮೋಟಾಗುವುದಷ್ಟೇ ಅಲ್ಲ, ಸುಮಾರು 14 ಶೇಕಡಾ ಬಿಗಿಯೂ ಆಗುತ್ತೆ. ಚಕ್ರ ಮೇಲೇಳಲು ಜಾಗ ಕಡಿಮೆಯಾಗಿ ಪ್ರತಿ ಗುಂಡಿಗೂ ರಬ್ಬರ್ ಸ್ಟಾಪರಿಗೆ ಬಡಿಯುತ್ತೆ. ನಮ್ಮೂರ ಹಂಪುಗಳಿಗೆ ಸೈಲೆನ್ಸರ್ ಉಜ್ಜುವ ಭಾಗ್ಯ ಬೇರೆ. ನನ್ನ ಕೇಳಿದರೆ, ಸಂಸಾರದ ಕಾರಿಗೆ ಈ ಕೆಲಸ ಬೇಡವೇ ಬೇಡ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ಟೈರು ಮತ್ತು ಬುಷ್‌ನಿಂದ. ಹಳೇ ಪದ್ಮಿನಿಗೆ ಬರುತ್ತಿದ್ದುದು 5.20-14 ಅಳತೆಯ ಕಿರಿದಾದ ಟೈರು. ಒಳ್ಳೆಯ ರೇಡಿಯಲ್ ಹಾಕಿದರೆ ರಸ್ತೆಯ ಹಿಡಿತ ಎದ್ದು ಕಾಣುವಷ್ಟು ಸುಧಾರಿಸುತ್ತೆ. ತೀರಾ ಅಗಲದ್ದು ಬೇಡ. ಪವರ್ ಸ್ಟೀರಿಂಗ್ ಇಲ್ಲದ ಕಾರು, ಪಾರ್ಕಿಂಗ್ ಮಾಡುವಾಗ ತೋಳು ನೋಯುತ್ತೆ. ಇನ್ನು ಬುಷ್. "ಕಾರು ತೇಲುತ್ತೆ, ಎಳೆಯುತ್ತೆ" ಎಂಬ ದೂರಿನಲ್ಲಿ ಬಹುಪಾಲು ಸವೆದ ರಬ್ಬರ್ ಬುಷ್‌ನದ್ದೇ. ಪಾಲಿಯುರೆಥೇನ್ ಬುಷ್ ಬಾಳಿಕೆಯದ್ದು ನಿಜ, ಆದರೆ ರಸ್ತೆಯ ನಡುಕವನ್ನೆಲ್ಲ ಬಾಡಿಗೆ ದಾಟಿಸುತ್ತೆ, ಕೀಚು ಕೀಚು ಸದ್ದೂ ಇರುತ್ತೆ. ಮನೆಮಂದಿಯ ಕಾರಿಗೆ ರಬ್ಬರೇ ಸಾಕು. ಒಂದು ಗುಟ್ಟು: ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ಜಾಕ್ ಮೇಲಿರುವಾಗ ಪೂರಾ ಬಿಗಿಯಬಾರದು. ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತೆ. ಎದುರು ನಿಂತು ಹೇಳಿ ಮಾಡಿಸಿ, ಸಂಕೋಚ ಬೇಡ.

ಪ್ಲೇಟಿನದ್ದೂ ಹೀಗೇ. ಹಿಂದೆ ಕುಸಿದಿದೆ ಅಂತ ಒಂದು ಪ್ಲೇಟು ಜಾಸ್ತಿ ಸೇರಿಸುವುದು ಸುಲಭದ ದಾರಿ, ಆದರೆ ಎತ್ತಿನಗಾಡಿಯ ಸುಖವೇ ಗತಿ. ಬಿಚ್ಚಿ, ತುಕ್ಕು ಉಜ್ಜಿ, ನಡುವೆ ಗ್ರೀಸ್ ಹಚ್ಚಿ ಕಟ್ಟಿದರೆ ಅರ್ಧ ಬಿರುಸು ಹೋಗುತ್ತೆ. ಪ್ಲೇಟುಗಳು ಒಂದರ ಮೇಲೊಂದು ಜಾರದೆ ಕಚ್ಚಿಕೊಂಡಿರುವುದರಿಂದಲೇ ಸಣ್ಣ ಗುಂಡಿಯೂ ಬೆನ್ನಿಗೆ ತಾಗುವುದು.

ಆಮೇಲಿನದು ಶಾಕ್ ಅಬ್ಸಾರ್ಬರ್. ಅದು ಕಾರಿನ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯದಂತೆ ತಡೆಯುವುದಷ್ಟೇ ಅದರ ಕೆಲಸ. ಬಂಪರಿನ ಮೂಲೆ ಒತ್ತಿ ಬಿಡಿ. ಒಮ್ಮೆ ಎದ್ದು ಕೂತರೆ ಸರಿ, ಮೂರ್ನಾಲ್ಕು ಸಲ ಕುಣಿದರೆ ಶಾಕ್ ಸತ್ತಿದೆ. ಹಾಗಂತ ಮಾರುಕಟ್ಟೆಯ ಅತಿ ಗಟ್ಟಿ ಶಾಕ್ ಹಾಕಿದರೆ ಚೂಪಾದ ಗುಂಡಿಯ ಹೊಡೆತ ನೇರ ಮೈಗೆ.

ಇಷ್ಟಾದ ಮೇಲೂ ತಿರುವಿನಲ್ಲಿ ವಾಲುತ್ತಿದ್ದರೆ ಆಂಟಿ-ರೋಲ್ ಬಾರ್ ಯೋಚಿಸಬಹುದು. ಎರಡೂ ಚಕ್ರ ಒಟ್ಟಿಗೆ ಹಂಪು ಹತ್ತಿದಾಗ ಅದು ಸುಮ್ಮನಿರುತ್ತೆ; ಒಂದು ಚಕ್ರ ಮಾತ್ರ ಎದ್ದಾಗ ತಿರುಚಿಕೊಂಡು ತಡೆಯುತ್ತೆ. ಅಂದರೆ ಹಂಪಿನ ಸುಖಕ್ಕೆ ಧಕ್ಕೆ ಇಲ್ಲ, ಒಂದೇ ಬದಿಯ ಗುಂಡಿಗೆ ಮಾತ್ರ ಕುಲುಕಾಟ ಜಾಸ್ತಿ. ಮುಂದಿನ ಬಾರನ್ನು ಒಂಚೂರು ದಪ್ಪ ಮಾಡಿಸಿದರೆ ಕಾರು ತಿರುವಿನಲ್ಲಿ ಹೊರಕ್ಕೆ ನೂಕುತ್ತೆ, ಮನೆಯವರು ಓಡಿಸುವ ಕಾರಿಗೆ ಅದು ಅಪಾಯವಿಲ್ಲದ ಗುಣ. ಹಿಂದೆ ದಪ್ಪ ಮಾಡಿದರೆ ಮಳೆಯಲ್ಲಿ ಹಿಂಭಾಗ ಜಾರುವ ಭಯ.

ತೆಗೆದ ಹಳೇ ಭಾಗಗಳನ್ನು ಗುಜರಿಗೆ ಹಾಕಬೇಡಿ. 50 ವರ್ಷ ದಾಟಿದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ನಿಯಮ ಬಂದಿದೆ. ಕಾರು ಮೂಲ ರೂಪದಲ್ಲಿರಬೇಕು ಅನ್ನುವುದು ಅದರ ಷರತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ತೀರ್ಥಹಳ್ಳಿ ಕಡೆಯವರಾದರೆ ಆಗುಂಬೆಯ 14 ತಿರುವು ಇಳಿದು ಸೋಮೇಶ್ವರದವರೆಗೆ ಹೋಗಿಬನ್ನಿ, ಆದರೆ ಒಬ್ಬರೇ ಅಲ್ಲ. ಹಿಂದಿನ ಸೀಟಿನಲ್ಲಿ ಅಪ್ಪಯ್ಯನನ್ನು ಕೂರಿಸಿಕೊಂಡು, ಡಿಕ್ಕಿಯಲ್ಲಿ ಸಾಮಾನಿಟ್ಟು ಹೋಗಿ. ಇಳಿದ ಮೇಲೆ ಮೊದಲು ಅವರನ್ನು ಕೇಳಿ, ಆಮೇಲೆ ಸ್ಟೀರಿಂಗ್ ಹಿಡಿದವನನ್ನು.