ದಾಸೋಜ ಹೆಸರು ಕೊರೆದ, ನೀವು ಕೊಡಬೇಡಿ

ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರನ್ನು ಕತ್ತೆತ್ತಿ ನೋಡುವವರು ಅವುಗಳ ಪೀಠದಲ್ಲಿರುವ ಅಕ್ಷರಗಳತ್ತ ಕಣ್ಣು ಹಾಯಿಸುವುದು ಕಡಿಮೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಅಲ್ಲಿ ಕೊರೆದಿಟ್ಟಿದ್ದಾರೆ. ಊರು, ಅಪ್ಪನ ಹೆಸರು, ಬಿರುದುಗಳೂ ಸಿಗುತ್ತವೆ. ಇದೇ ಗುಡಿಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಬರೆಯಹೊರಟ ಒಂಬತ್ತನೇ ತರಗತಿಯ ಹುಡುಗಿ ಮಾತ್ರ ಹಾಗೆ ಮಾಡಕೂಡದು. ಖಾತೆಗೆ ಒಂದು ಅಡ್ಡಹೆಸರು ಸಾಕು. ಶಾಲೆ, ಹುಟ್ಟಿದ ದಿನ, ಫೋನ್ ನಂಬರ್ ಯಾವುದೂ ಬೇಡ.

ಏಕೆಂದರೆ ಅಲ್ಲಿ ಅಳಿಸಿದ್ದು ಅಳಿಯುವುದಿಲ್ಲ. ಪ್ರತಿ ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ದಿನಾಂಕ, ವೇಳೆ ಸಮೇತ ಕೂತಿರುತ್ತದೆ. ನಿರ್ವಾಹಕರಿಗೆ ಹೇಳಿ ಮರೆಮಾಡಿಸಬಹುದು, ಆದರೆ ಅಷ್ಟರೊಳಗೆ ಯಾರು ನಕಲು ಮಾಡಿಕೊಂಡರೋ! ಚರ್ಚಾಪುಟವೂ ಬಹಿರಂಗವೇ. ಅಲ್ಲಿ ಹೊಗಳಿ ಮಾತಿಗಿಳಿದವರು ವಾಟ್ಸ್‌ಆ್ಯಪ್ ನಂಬರ್ ಕೇಳಿದರೆ ಉತ್ತರಿಸದೆ ಮೇಷ್ಟರಿಗೋ ಮನೆಯವರಿಗೋ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಮೂಡುಬಿದಿರೆಯ ಆಳ್ವಾಸ್ ಕಾಲೇಜು, ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದಿದ್ದಾರೆ. ಹೈಸ್ಕೂಲಿನವರೂ ಬರೆಯಬಹುದು, ಮೊದಲು ಪ್ರಯೋಗಪುಟದಲ್ಲಿ ಕೈ ಪಳಗಿಸಿಕೊಂಡರೆ.

ಬರೆಯುವುದೇನು ಎಂಬುದು ಇನ್ನೂ ತೊಡಕಿನ ಪ್ರಶ್ನೆ. ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಬೇಲೂರನ್ನು ಕಟ್ಟಿದ್ದು ಜಕಣಾಚಾರಿ. ಕಪ್ಪೆ ಚೆನ್ನಿಗರಾಯನ ಕಥೆಯೂ ಬಾಯಿಪಾಠ. ಕಥೆಯನ್ನು ಬಿಡಬೇಕಿಲ್ಲ, ಜನಪದ ಕಥೆ ಎಂದೇ ಬರೆದರಾಯಿತು. ಹಳೇಬೀಡಿನ ಹೊಯ್ಸಳೇಶ್ವರದ್ದೂ ಅದೇ ಪಾಡು. ಕಟ್ಟಿಸಿದ್ದು ಯಾರೆಂದರೆ ಎಲ್ಲರ ಬಾಯಲ್ಲೂ ಹೊಯ್ಸಳ ದೊರೆ ವಿಷ್ಣುವರ್ಧನ. ಆದರೆ 1121ರ ಹೊತ್ತಿಗೆ ಅದನ್ನು ಕಟ್ಟಿಸಿದವನು ಅವನ ಅಧಿಕಾರಿ ಕೇತಮಲ್ಲ ಎಂದು ಶಾಸನ ಹೇಳುತ್ತದೆ. ಹುಡುಗರು 'ಗೈಡ್ ಹೇಳಿದರು' ಎಂದರೆ 'ಯಾವ ಪುಸ್ತಕ, ಯಾವ ಪುಟ' ಎಂದು ಕೇಳುವುದೇ ಮೇಷ್ಟರ ಕೆಲಸ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ 1902ರಿಂದಲೂ ಇದೆ. ಅದನ್ನು ತೆರೆದು ನೋಡಿದ ಮಗು ಇಂಟರ್‌ನೆಟ್ಟನ್ನು ಬೇರೆ ಕಣ್ಣಿನಿಂದ ಓದುತ್ತದೆ ಎಂದು ನನ್ನ ನಂಬಿಕೆ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಈ ಗುಡಿಗಳ ಬಗ್ಗೆ ಒಬ್ಬರು ಬರೆದ ತಪ್ಪನ್ನು ನೂರು ಕಡೆ ಅಂಟಿಸುವವರಿಗೆ ಬರವಿಲ್ಲ.

ಫೋಟೊ ವಿಷಯದಲ್ಲಿ ದೊಡ್ಡವರೇ ಎಡವುತ್ತಾರೆ. ಗೂಗಲ್‌ನಲ್ಲಿ ಸಿಕ್ಕಿದ್ದು ನಮ್ಮದಲ್ಲ. ಸ್ವಂತದ್ದನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟ ಮೇಲೆ ಹಿಂತೆಗೆಯಲಾಗದು; ಕ್ಯಾಲೆಂಡರ್ ಅಚ್ಚು ಹಾಕಿ ಮಾರುವವರೂ ಹೆಸರು ಹಾಕಿ ಬಳಸಬಹುದು. ಚಿತ್ರದಲ್ಲಿ ಗೆಳತಿಯರ ಮುಖ ಬೇಡ. ಫೋನಿನ ಲೊಕೇಶನ್ ಆಫ್ ಮಾಡಿ ತೆಗೆಯುವುದು ಕ್ಷೇಮ, ಮನೆಯಂಗಳದ ವೀರಗಲ್ಲಾದರೆ ಇನ್ನೂ ಹೆಚ್ಚು.

ಶುರು ಮಾಡುವುದಾದರೆ ಅರಸೀಕೆರೆಯಿಂದ ಮಾಡಲಿ. 1220ರ ಸುಮಾರಿನ ಅಲ್ಲಿನ ಈಶ್ವರ ಗುಡಿಯನ್ನು ರೈಲಿಳಿದವರು ನೋಡದೆಯೇ ಬೇಲೂರಿನ ಬಸ್ಸು ಹಿಡಿಯುತ್ತಾರೆ.